ಸಂಗೀತ ಶಿಕ್ಷಕರ ಶಿಕ್ಷಕ ಪಂಡಿತ ವಿಷ್ಣು ದಿಗಂಬರ ಪಲುಸ್ಕರ

(ಲೇಖಕರು ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)

ಮಿರಜ ನಮ್ಮ ಭಾಗದವರಿಗೆ ಪರಸ್ಥಳವಲ್ಲ. ದೊಡ್ಡ ಕಾಯಿಲೆ ಬಂದರೆ ಅಜ್ಜ-ಮುತ್ತಜ್ಜರ ಕಾಲದಿಂದಲೂ ಅಲ್ಲಿಯ ದವಾಖಾನೆಗೆ ಹೋಗುತ್ತ ಬಂದಿದ್ದೇವೆ. ಭಜನಾ ಮಂಡಳಿಯ ತಂಬೂರಿ ಒಡೆದರೆ, ಪೇಟಿಯ ಸ್ವರ ಕೆಟ್ಟರೆ ರಿಪೇರಿಗೆ ಒಯ್ಯುವುದೂ ಅಲ್ಲಿಗೇ. ಹುಣ್ಣಿಮೆಗೆ, ದತ್ತ ಜಯಂತಿಗೆ ನರಸೋಬಾವಾಡಿಗೆ ಹೋಗಿ ಬರುವ ಮನೆತನಗಳು ನಮ್ಮೂರಲ್ಲಿ ಇಂದಿಗೂ ಹಲವು ಇವೆ. ಕೃಷ್ಣಾ ನದಿ ಆ ಊರುಗಳನ್ನು ದಾಟಿಕೊಂಡೇ ನಮ್ಮ ಹೊಲಗಳಿಗೆ ಬರುತ್ತದೆ. ಅದೇ ನದಿಯ ದಂಡೆಯ ಮೇಲೆ ಹುಟ್ಟಿ, ಮಿರಜದಲ್ಲಿ ಕಲಿತು, ದೂರದ ಲಾಹೋರಿನಲ್ಲಿ ಶಾಲೆ ಕಟ್ಟಿ, ಕೊನೆಗೆ ಮಿರಜದಲ್ಲೇ ಕಣ್ಣು ಮುಚ್ಚಿದ ಒಬ್ಬ ಮಹನೀಯರ ಬಾಳನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನೆನೆಯಬೇಕೆಂದು ನನಗೆ ಅನ್ನಿಸಿತು. ಅವರೇ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು.

ನಾನು ಇಂಜಿನಿಯರಿಂಗ್ ಓದಿದವನು, ಸಂಗೀತ ಶಾಸ್ತ್ರ ಬಲ್ಲವನಲ್ಲ. ಪಲುಸ್ಕರರನ್ನು ದೊಡ್ಡ ಗಾಯಕರೆಂದು ಹೊಗಳುವ ಅಧಿಕಾರ ನನಗಿಲ್ಲ. ಅದನ್ನು ಬಲ್ಲವರು ಹೇಳಿದ್ದಾರೆ. ನನ್ನನ್ನು ಸೆಳೆದದ್ದು ಅವರ ಇನ್ನೊಂದು ಕೆಲಸ. ಹಾಡುವವರನ್ನು ನಮ್ಮ ದೇಶ ಯಾವಾಗಲೂ ಮೆಚ್ಚಿದೆ. ಆದರೆ ಹಾಡು ಕಲಿಸುವವನಿಗೆ ಊಟ ಯಾರು ಕೊಡಬೇಕು, ಪುಸ್ತಕ ಎಲ್ಲಿಂದ ಬರಬೇಕು, ವಾದ್ಯ ಕೆಟ್ಟರೆ ಯಾರು ನೋಡಬೇಕು, ಅವನಿಗೆ ಕಲಿಸುವ ಕ್ರಮವನ್ನು ಯಾರು ಕಲಿಸಬೇಕು ಎಂಬ ಪ್ರಶ್ನೆಗಳನ್ನು ಕೇಳಿಕೊಂಡವರು ಕಡಿಮೆ. ಪಲುಸ್ಕರರು ಇವನ್ನು ಕೇಳಿಕೊಂಡರು. ಉತ್ತರ ಹುಡುಕುವುದರಲ್ಲೇ ತಮ್ಮ ಆಯುಷ್ಯ ಮತ್ತು ಗಳಿಕೆಯನ್ನೆಲ್ಲ ಕಳೆದರು.

ಅವರು ಹುಟ್ಟಿದ್ದು 1872ರ ಆಗಸ್ಟ್ 18ರಂದು, ಕುರುಂದವಾಡದಲ್ಲಿ. ಅದು ಆಗ ಒಂದು ಪುಟ್ಟ ಸಂಸ್ಥಾನ. ಈಗ ಕೊಲ್ಹಾಪುರ ಜಿಲ್ಲೆಯಲ್ಲಿದೆ. ತಂದೆ ದಿಗಂಬರ ಗೋಪಾಳ ಪಲುಸ್ಕರರು ಕೀರ್ತನಕಾರರು. ಹೀಗಾಗಿ ತಾಳ, ಅಭಂಗ, ಪುರಾಣದ ಕಥೆಗಳು ಮಗುವಿಗೆ ಮನೆಯಲ್ಲೇ ಸಿಕ್ಕವು. ಹುಡುಗ ಶಾಲೆ ಓದಿ ಮುಂದೆ ಬರಬಹುದಿತ್ತು. ಆದರೆ ಒಮ್ಮೆ ನರಸೋಬಾವಾಡಿಯ ದತ್ತ ಜಯಂತಿಯಲ್ಲಿ ಪಟಾಕಿ ಮುಖದ ಹತ್ತಿರವೇ ಸಿಡಿದು ಎರಡೂ ಕಣ್ಣುಗಳಿಗೆ ಪೆಟ್ಟಾಯಿತು. ಸಣ್ಣ ಊರು, ಕೂಡಲೇ ಚಿಕಿತ್ಸೆ ಸಿಗಲಿಲ್ಲ. ಮುಂದೆ ಸ್ವಲ್ಪ ದೃಷ್ಟಿ ಮರಳಿದರೂ ಓದು-ಬರಹದ ದಾರಿ ಮುಚ್ಚಿಹೋಯಿತು. ಕಣ್ಣಿಗೆ ಶ್ರಮವಿಲ್ಲದ ವಿದ್ಯೆಯೆಂದರೆ ಸಂಗೀತ ಎಂದು ಹಿರಿಯರು ಯೋಚಿಸಿದರು. ಮಿರಜದ ಸಂಸ್ಥಾನಿಕರು ಹುಡುಗನ ಕಂಠವನ್ನು ಗುರುತಿಸಿ, ತಮ್ಮ ಆಶ್ರಯದಲ್ಲಿದ್ದ ಪಂಡಿತ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿಯುವ ಏರ್ಪಾಡು ಮಾಡಿದರು.

ಬಾಳಕೃಷ್ಣಬುವಾ ಸಾಮಾನ್ಯ ಗುರುಗಳಲ್ಲ. ಖಯಾಲ್ ಗಾಯನ ಆಗ ಉತ್ತರ ಹಿಂದೂಸ್ತಾನದ ದರ್ಬಾರುಗಳಲ್ಲಿ, ಉಸ್ತಾದರ ಮನೆತನಗಳಲ್ಲಿ ಇದ್ದ ವಿದ್ಯೆ. ಅದನ್ನು ಕಲಿಯಲು ಅವರು ಊರು ಬಿಟ್ಟು ಅಲೆದು, ವಾಸುದೇವಬುವಾ ಜೋಶಿಯವರ ಸೇವೆ ಮಾಡಿ, ಗ್ವಾಲಿಯರ್ ಘರಾಣೆಯ ಗಾಯನವನ್ನು ಈ ಕಡೆಗೆ ತಂದರು. ಹದ್ದೂ ಖಾನ್, ಹಸ್ಸೂ ಖಾನ್ ಎಂಬ ಉಸ್ತಾದರ ಪರಂಪರೆಯದು. ಇಂದು ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಹಿಂದೂಸ್ತಾನಿ ಸಂಗೀತ ಇಷ್ಟು ಬೇರೂರಿದ್ದರೆ ಅದರಲ್ಲಿ ಬಾಳಕೃಷ್ಣಬುವಾ ಅವರ ಪಾಲು ದೊಡ್ಡದು. ಮಲ್ಲಿಕಾರ್ಜುನ ಮನ್ಸೂರರಿಗೂ ಗದುಗಿನ ಪಂಚಾಕ್ಷರಿ ಗವಾಯಿಗಳಿಗೂ ಹಿಂದೂಸ್ತಾನಿ ಪಾಠ ಹೇಳಿದ ಮಿರಜದ ನೀಲಕಂಠಬುವಾ ಕೂಡ ಇದೇ ಬಾಳಕೃಷ್ಣಬುವಾ ಅವರ ಶಿಷ್ಯರು. ಅಂದರೆ ಪಲುಸ್ಕರರೂ ನೀಲಕಂಠಬುವಾ ಅವರೂ ಗುರುಬಂಧುಗಳು.

ಪಲುಸ್ಕರರು ಸುಮಾರು ಹನ್ನೆರಡು ವರ್ಷ ಗುರುಗಳ ಬಳಿ ಕಲಿತರು. ಆ ಕಾಲದ ಕಲಿಕೆಯ ರೀತಿಯನ್ನು ನಾವು ತಿಳಿದುಕೊಳ್ಳಬೇಕು. ಪುಸ್ತಕವಿರಲಿಲ್ಲ, ವೇಳಾಪಟ್ಟಿ ಇರಲಿಲ್ಲ. ಗುರುವಿನ ಮನೆಯ ನೀರು, ಕಸ, ಅಡುಗೆ ನೋಡಿಕೊಳ್ಳುತ್ತ, ಗುರುವಿಗೆ ಮನಸ್ಸು ಬಂದಾಗ ಹೇಳಿಕೊಟ್ಟದ್ದನ್ನು ನೆನಪಿನಲ್ಲೇ ಇಟ್ಟುಕೊಳ್ಳಬೇಕು. ಅಪರೂಪದ ಚೀಜುಗಳನ್ನು ಎಷ್ಟೋ ಉಸ್ತಾದರು ಮಕ್ಕಳಿಗೆ, ಅಳಿಯಂದಿರಿಗೆ ಮಾತ್ರ ಹೇಳುತ್ತಿದ್ದರು. ಈ ಪದ್ಧತಿಯಿಂದ ಅದ್ಭುತ ಗಾಯಕರು ಹುಟ್ಟಿದ್ದು ನಿಜ. ಆದರೆ ಗುರು ಅಕಾಲದಲ್ಲಿ ತೀರಿಕೊಂಡರೆ ಅವರ ಕಂಠದಲ್ಲಿದ್ದ ವಿದ್ಯೆಯೂ ಅವರೊಂದಿಗೇ ಹೋಗುತ್ತಿತ್ತು. ಸಾಮಾನ್ಯರ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಆ ಬಾಗಿಲು ತೆರೆಯುತ್ತಿದ್ದುದು ಅಪರೂಪ.

ಇನ್ನು ಗಾಯಕನ ಸ್ಥಾನಮಾನ. ಮಿರಜದಲ್ಲಿ ನಡೆದ ಒಂದು ಸಮಾರಂಭಕ್ಕೆ ಊರಿನ ಗಣ್ಯರೆಲ್ಲರಿಗೂ ಕರೆ ಬಂತು, ಪಲುಸ್ಕರರಿಗೂ ಬಂತು. ಗುರುಗಳಿಗೆ ಮಾತ್ರ ಬರಲಿಲ್ಲ. ಅವರು ಬರೀ ಹಾಡುವವರು ಎಂಬುದು ಕಾರಣ ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ದರ್ಬಾರಿನಲ್ಲಿ ತಲೆದೂಗುವ ಜನ ಸಮಾಜದಲ್ಲಿ ಸರಿಸಮನಾಗಿ ಕೂಡಿಸಿಕೊಳ್ಳುವುದಿಲ್ಲ. ಈ ಮಾತು ತರುಣ ವಿಷ್ಣುವಿನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಸಂಗೀತಗಾರನಿಗೆ ಮಾನ ಬರಬೇಕಾದರೆ ಅವನು ರಾಜರ ಮರ್ಜಿಯ ಮೇಲೆ ಬದುಕುವುದು ನಿಲ್ಲಬೇಕು, ಸಂಗೀತ ಸಾಮಾನ್ಯ ಗೃಹಸ್ಥರ ಮನೆಗೆ ಹೋಗಬೇಕು ಎಂಬ ವಿಚಾರ ಅಲ್ಲಿಂದ ಮೊದಲಾಯಿತು. ಮುಂದೆ ಗುರುಗಳೊಂದಿಗೂ ಮನಸ್ತಾಪ ಬಂದು, 1896ರಲ್ಲಿ ಮಿರಜ ಬಿಟ್ಟು ಹೊರಟರು. ಆಗ ಅವರಿಗೆ 24 ವರ್ಷ.

ಬಡೋದೆ, ಗ್ವಾಲಿಯರ್ ಮೊದಲಾದ ಊರುಗಳಲ್ಲಿ ಹಾಡುತ್ತ ಅವರು ಉತ್ತರಕ್ಕೆ ಸಾಗಿದರು. ಸೌರಾಷ್ಟ್ರದಲ್ಲಿ ಅರಮನೆಯೂ ಅಲ್ಲದ, ಗುಡಿಯೂ ಅಲ್ಲದ ಬಯಲಿನಲ್ಲಿ ಸಾರ್ವಜನಿಕರಿಗಾಗಿ ಕಛೇರಿ ಮಾಡಿದರು. ಇಂದು ನಮಗೆ ಇದು ವಿಶೇಷವೆನ್ನಿಸಲಾರದು. ಅಂದು ಮಾತ್ರ ಯಾರು ಬೇಕಾದರೂ ಬಂದು ಕುಳಿತು ಶಾಸ್ತ್ರೀಯ ಸಂಗೀತ ಕೇಳುವುದೆಂದರೆ ಹೊಸ ಸಂಗತಿ. ಮಥುರೆಯಲ್ಲಿ ಉಳಿದು ಬ್ರಜಭಾಷೆ ಕಲಿತರು, ಧ್ರುಪದ ಅಭ್ಯಾಸ ಮಾಡಿದರು. ತಾನು ಹಾಡುವ ಚೀಜುಗಳ ಭಾಷೆ ತನಗೇ ಗೊತ್ತಿಲ್ಲದಿದ್ದರೆ ಶಿಷ್ಯರಿಗೆ ಏನು ಹೇಳುವುದು ಎಂಬ ವಿವೇಕ ಅದರಲ್ಲಿ ಕಾಣುತ್ತದೆ.

1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆಯಿತು. ಯಾವ ಸಂಸ್ಥಾನದ ಖಜಾನೆಯೂ ಅದರ ಹಿಂದೆ ಇರಲಿಲ್ಲ. ಸಾರ್ವಜನಿಕರ ದೇಣಿಗೆ, ಪಲುಸ್ಕರರ ಕಛೇರಿಗಳ ಸಂಪಾದನೆ, ಇವೆರಡೇ ಆಧಾರ. ಮೊದಲ ದಿನಗಳಲ್ಲಿ ವಿದ್ಯಾರ್ಥಿಗಳೇ ಬರುತ್ತಿರಲಿಲ್ಲವಂತೆ. ಆದರೂ ಪಾಠದ ವೇಳೆಗೆ ಸರಿಯಾಗಿ ಬಾಗಿಲು ತೆಗೆದು, ತಂಬೂರಿ ಶ್ರುತಿ ಮಾಡಿಕೊಂಡು, ಖಾಲಿ ಕೋಣೆಯಲ್ಲಿ ಒಬ್ಬರೇ ಹಾಡುತ್ತ ಕುಳಿತಿರುತ್ತಿದ್ದರು ಎಂದು ಹೇಳುತ್ತಾರೆ. ಮಕ್ಕಳಿಲ್ಲವೆಂದು ಶಾಲೆಯ ಗಂಟೆ ಬಾರಿಸುವುದನ್ನು ನಿಲ್ಲಿಸದ ಮುಖ್ಯೋಪಾಧ್ಯಾಯರನ್ನು ಕಂಡ ನಮ್ಮೂರ ಹಿರಿಯರಿಗೆ ಈ ಮಾತಿನ ಅರ್ಥ ಬೇಗ ಆಗುತ್ತದೆ. ನಿಧಾನವಾಗಿ ಮಕ್ಕಳು ಬಂದರು.

ಮಕ್ಕಳು ಬಂದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಒಬ್ಬ ಗುರು ಎಷ್ಟು ಜನಕ್ಕೆ ಕಲಿಸಬಹುದು? ಊರೂರಿಗೆ ಸಂಗೀತ ಶಾಲೆ ಬೇಕೆಂದರೆ ಊರೂರಿಗೆ ಶಿಕ್ಷಕರು ಬೇಕು. ಅಂಥವರು ತಯಾರಾಗಿ ಎಲ್ಲಿಯೂ ಸಿಗುತ್ತಿರಲಿಲ್ಲ. ಒಳ್ಳೆಯ ಗಾಯಕ ಒಳ್ಳೆಯ ಶಿಕ್ಷಕನಾಗಿಯೇ ಇರುತ್ತಾನೆ ಎಂದೇನೂ ಇಲ್ಲ. ಆದ್ದರಿಂದ ಪಲುಸ್ಕರರು ಉಪದೇಶಕ ವರ್ಗ ಎಂಬ ಪ್ರತ್ಯೇಕ ತರಗತಿಯನ್ನು ನಡೆಸಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಸಂಗೀತ ಶಿಕ್ಷಕರ ತರಬೇತಿ. ಆಯ್ದ ಹುಡುಗರು ಇಷ್ಟು ವರ್ಷ ಇಲ್ಲಿಯೇ ಇದ್ದು ಕಲಿಯುತ್ತೇವೆಂದು ಕರಾರು ಬರೆದುಕೊಡಬೇಕು. ಅವರ ಊಟ, ವಸತಿ, ಪಾಠ ಎಲ್ಲವೂ ಸಂಸ್ಥೆಯದು. ಅವರು ಹಾಡುವುದನ್ನು ಕಲಿಯುವುದರ ಜೊತೆಗೆ ಕೆಳಗಿನ ತರಗತಿಯ ಮಕ್ಕಳಿಗೆ ಕಲಿಸುತ್ತ ಕಲಿಸುವುದನ್ನೂ ಕಲಿಯಬೇಕು. ಕಲಿತು ಹೊರಬಂದವನು ಎಲ್ಲಿಗೆ ಹೋದರೂ ಶಿಕ್ಷಕನಾಗಿ ನಿಲ್ಲಬಲ್ಲವನಾಗಬೇಕು. ಬಡ ಮನೆಯ ಹುಡುಗನಿಗೂ ಸಂಗೀತದಿಂದ ಮಾನದ ಜೀವನ ಸಾಧ್ಯ ಎಂಬ ಭರವಸೆ ಇದರಿಂದ ಹುಟ್ಟಿತು.

ಶಿಕ್ಷಕ ತಯಾರಾದರೆ ಸಾಲದು, ಅವನ ಕೈಗೆ ಸಾಮಗ್ರಿ ಬೇಕು. ಪಲುಸ್ಕರರು ಹಾಡನ್ನು ಬರೆದಿಡಲು ತಮ್ಮದೇ ಸ್ವರಲಿಪಿ ರೂಪಿಸಿದರು. ಸ್ವರ ಕೋಮಲವೋ ತೀವ್ರವೋ, ಮಂದ್ರವೋ ತಾರವೋ, ಒಂದು ಮಾತ್ರೆಯೋ ಅರ್ಧ, ಕಾಲು ಮಾತ್ರೆಯೋ ಎಂಬುದಕ್ಕೆಲ್ಲ ಗುರುತುಗಳಿದ್ದವು. ಮಕ್ಕಳಿಗಾಗಿ ಸಂಗೀತ ಬಾಲಪ್ರಕಾಶ, ಮುಂದಿನವರಿಗೆ ರಾಗಪ್ರವೇಶದ ಭಾಗಗಳು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಪಠ್ಯಪುಸ್ತಕ ಬರೆದರು. ಅವನ್ನು ಅಚ್ಚು ಹಾಕಲು ಸ್ವಂತ ಮುದ್ರಣಾಲಯವನ್ನೇ ಇಟ್ಟರು. ಸಂಗೀತಾಮೃತ ಪ್ರವಾಹ ಎಂಬ ಮಾಸಪತ್ರಿಕೆ ಹೊರಡಿಸಿದರು. ತಂಬೂರಿ, ಹಾರ್ಮೋನಿಯಂ, ತಬಲಾ ತಯಾರಿಸಿ ರಿಪೇರಿ ಮಾಡುವ ಕಾರ್ಖಾನೆಯೂ ಸಂಸ್ಥೆಗೆ ಸೇರಿತ್ತು. ಪಠ್ಯಕ್ರಮ, ವರ್ಷದ ಪರೀಕ್ಷೆ, ಪದವಿ ಪ್ರದಾನ ಎಲ್ಲವನ್ನೂ ಏರ್ಪಡಿಸಿದರು. ಕಣ್ಣು ಮಂಜಾಗಿ ಶಾಲೆ ಬಿಟ್ಟ ಹುಡುಗ ಮುಂದೆ ಇಷ್ಟೊಂದು ಪುಸ್ತಕಗಳನ್ನು ಬೇರೆಯವರ ಕೈಗಿಟ್ಟದ್ದು ನನಗೆ ಇಂದಿಗೂ ಆಶ್ಚರ್ಯವೆನ್ನಿಸುತ್ತದೆ.

ನನ್ನ ಉದ್ಯೋಗದಲ್ಲಿ ಒಂದು ಪಾಠವನ್ನು ಬೇಗ ಕಲಿಯುತ್ತೇವೆ. ಒಂದು ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆ ಎಂಬುದು ಅದನ್ನು ಬರೆದ ಒಬ್ಬರಿಗೆ ಮಾತ್ರ ಗೊತ್ತಿದ್ದರೆ, ಅವರು ಕೆಲಸ ಬಿಟ್ಟ ದಿನ ಉಳಿದವರ ಕೈ ಕಟ್ಟಿದಂತಾಗುತ್ತದೆ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತೇವೆ, ಹೊಸಬರನ್ನು ಹಳಬರ ಜೊತೆ ಕೂರಿಸುತ್ತೇವೆ. ಕಂಪ್ಯೂಟರ್ ಯಂತ್ರಗಳು ಬಳಕೆಗೆ ಬರುವ ಮೊದಲೇ ಪಲುಸ್ಕರರು ಸಂಗೀತಕ್ಕೆ ಇದನ್ನೇ ಮಾಡಿದ್ದರು.

ಇದೇ ಕಾಲದಲ್ಲಿ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರೂ ಇದೇ ಗುರಿಯತ್ತ ಬೇರೆ ದಾರಿಯಲ್ಲಿ ನಡೆದಿದ್ದರು. ಅವರು ವಕೀಲರು, ವಿದ್ವಾಂಸರು. ಉಸ್ತಾದರ ಮನೆಗಳಿಂದ ಚೀಜುಗಳನ್ನು ಸಂಗ್ರಹಿಸಿ ಪ್ರಕಟಿಸಿದವರು. 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜಿನ ಸ್ಥಾಪನೆಗೆ ಕಾರಣರಾದವರು. ಅವರ ಸ್ವರಲಿಪಿ ಇನ್ನೂ ಸರಳವಾಗಿದ್ದು, ಇಂದು ಹೆಚ್ಚು ಬಳಕೆಯಲ್ಲಿರುವುದು ಅದೇ. ಲಿಪಿಯ ಸ್ಪರ್ಧೆಯಲ್ಲಿ ಪಲುಸ್ಕರರು ಗೆಲ್ಲಲಿಲ್ಲ ಎನ್ನಬಹುದು. ತರಗತಿಯಲ್ಲಿ ಗಂಟೆ ನೋಡಿ ಕಲಿಸಿದರೆ ದೊಡ್ಡ ಗಾಯಕರು ಹುಟ್ಟುವುದಿಲ್ಲ ಎಂಬ ಟೀಕೆಯೂ ಆಗಿನಿಂದ ಇದೆ. ಆ ಟೀಕೆಯಲ್ಲಿ ಸತ್ಯವಿಲ್ಲದಿಲ್ಲ. ಆದರೆ ಎಲ್ಲರನ್ನೂ ತಾನ್‌ಸೇನರನ್ನಾಗಿ ಮಾಡಲು ಹೊರಟವರಲ್ಲ ಪಲುಸ್ಕರರು. ಪ್ರೌಢಶಾಲೆಯಲ್ಲಿ ಗಣಿತ ಕಲಿತವರೆಲ್ಲ ರಾಮಾನುಜನ್ ಆಗುವುದಿಲ್ಲ. ಹಾಗೆಂದು ಗಣಿತದ ಶಿಕ್ಷಕರು ಬೇಡವೆಂದು ಯಾರೂ ಹೇಳುವುದಿಲ್ಲ.

ಹೆಣ್ಣುಮಕ್ಕಳ ಮಾತನ್ನೂ ಹೇಳಬೇಕು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಹಾಡಬಾರದು ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ಪಲುಸ್ಕರರು ಮಹಿಳೆಯರಿಗಾಗಿ ತರಗತಿ ನಡೆಸಿದರು, ಅವರಿಗಾಗಿ ಪುಸ್ತಕ ಬರೆದರು. ಇಂದು ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಮುಂದೆ ನಿಂತು ಹಾಡುವವರು ಬಹುತೇಕ ಹುಡುಗಿಯರೇ. ಈ ಬದಲಾವಣೆ ತಾನಾಗಿ ಬಂದದ್ದಲ್ಲ.

1908ರಲ್ಲಿ ಅವರು ಮುಂಬಯಿಗೆ ಬಂದು ಗಾಂಧರ್ವ ಮಹಾವಿದ್ಯಾಲಯದ ಶಾಖೆ ತೆರೆದರು. ಅಲ್ಲಿ ಸಂಸ್ಥೆ ಬೇಗ ಬೆಳೆಯಿತು. ವಿದ್ಯಾರ್ಥಿಗಳು ಹೆಚ್ಚಿದರು, ವಸತಿಗೆ ಜಾಗ ಸಾಲದಾಯಿತು. ಸಾಲ ಮಾಡಿ ಸ್ವಂತ ಕಟ್ಟಡ ಎಬ್ಬಿಸಿದರು. ಊರೂರು ತಿರುಗಿ ಕಛೇರಿ ಮಾಡಿ ಆ ಸಾಲ ತೀರಿಸುವುದು ಅವರ ಲೆಕ್ಕ. ಆದರೆ ಹತ್ತಾರು ಹುಡುಗರ ಊಟ, ಶಿಕ್ಷಕರ ಸಂಬಳ, ಅಚ್ಚಿನ ಖರ್ಚು ಎಲ್ಲವನ್ನೂ ಒಂದೇ ಕಂಠ ಎಷ್ಟು ದಿನ ಹೊರಬಲ್ಲದು? ಬಡ್ಡಿ ಬೆಳೆಯಿತು. 1920ರ ದಶಕದಲ್ಲಿ ಸಾಲ ಕೊಟ್ಟವರು ಆಸ್ತಿಯನ್ನು ಜಪ್ತಿ ಮಾಡಿಸಿ ಹರಾಜಿಗೆ ಹಾಕಿದರು. ಅಷ್ಟು ವರ್ಷಗಳ ದುಡಿಮೆಯ ಕಟ್ಟಡ ಕೈಬಿಟ್ಟುಹೋಯಿತು.

ಮನೆಯೊಳಗಿನ ದುಃಖ ಇದಕ್ಕಿಂತ ದೊಡ್ಡದು. ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಚಿಕ್ಕಂದಿನಲ್ಲೇ ತೀರಿಕೊಂಡವು. ಕೊನೆಗಾಲದಲ್ಲಿ ಪಲುಸ್ಕರರು ಕಾವಿ ಧರಿಸಿ, ನಾಸಿಕದಲ್ಲಿ ರಾಮನಾಮ ಆಧಾರಾಶ್ರಮ ಸ್ಥಾಪಿಸಿ, ತುಳಸಿದಾಸರ ರಾಮಾಯಣವನ್ನು ಹಾಡುತ್ತ ಹೇಳುತ್ತ ಕಾಲ ಕಳೆದರು. ಗಾಂಧೀಜಿಯ ಪ್ರಾರ್ಥನಾ ಸಭೆಗಳಿಂದ ಇಡೀ ದೇಶಕ್ಕೆ ಪರಿಚಯವಾದ ರಾಮಧುನ್‌ನ ಧಾಟಿ ಪಲುಸ್ಕರರದೆಂದೇ ಪ್ರಸಿದ್ಧ. ಕಾಂಗ್ರೆಸ್ ಅಧಿವೇಶನಗಳಲ್ಲಿ ವಂದೇ ಮಾತರಂ ಹಾಡುತ್ತಿದ್ದವರೂ ಅವರೇ. 1931ರ ಆಗಸ್ಟ್ 21ರಂದು ಮಿರಜದಲ್ಲಿ ಅವರು ತೀರಿಕೊಂಡಾಗ 59 ವರ್ಷ. ಬದುಕಿ ಉಳಿದ ಒಬ್ಬನೇ ಮಗ ದತ್ತಾತ್ರೇಯನಿಗೆ ಆಗ ಹತ್ತು ವರ್ಷ. ಕಟ್ಟಡವಿಲ್ಲ, ಹಣವಿಲ್ಲ. ಲೆಕ್ಕದ ವಹಿ ತೆರೆದು ನೋಡಿದವರಿಗೆ ಇದು ಸೋತ ಬಾಳಿನಂತೆಯೇ ಕಂಡಿರಬೇಕು.

ಆದರೆ ಹರಾಜಿನ ಪಟ್ಟಿಯಲ್ಲಿ ಸೇರದ ಒಂದು ಆಸ್ತಿ ಉಳಿದಿತ್ತು. ಅದು ಅವರು ತಯಾರು ಮಾಡಿದ ಶಿಕ್ಷಕರು.

ಆ ದತ್ತಾತ್ರೇಯನನ್ನೇ ನೋಡಿ. ತಂದೆಯ ಬಳಿ ಪೂರ್ತಿ ಕಲಿಯುವ ಯೋಗ ಅವನಿಗೆ ಬರಲಿಲ್ಲ. ತಂದೆಯ ಶಿಷ್ಯರಾದ ವಿನಾಯಕರಾವ ಪಟವರ್ಧನ ಮತ್ತು ನಾರಾಯಣರಾವ ವ್ಯಾಸ ಅವನಿಗೆ ಕಲಿಸಿದರು. ಅವನೇ ಮುಂದೆ ಡಿ. ವಿ. ಪಲುಸ್ಕರ್ ಎಂದು ಹೆಸರಾಗಿ, ಬೈಜೂ ಬಾವರಾ ಚಿತ್ರದಲ್ಲಿ ಉಸ್ತಾದ್ ಅಮೀರ್ ಖಾನರ ಜೊತೆ ಹಾಡಿ, 1955ರಲ್ಲಿ 34ನೆಯ ವಯಸ್ಸಿಗೇ ತೀರಿಕೊಂಡರು. ಹಳೆಯ ರೇಡಿಯೋ ಕೇಳುಗರು ಅವರ ಭಜನೆಗಳನ್ನು ಮರೆತಿರಲಾರರು. ಗುರು ತನ್ನ ಶಿಷ್ಯರಿಗೆ ಮುಚ್ಚಿಡದೆ ಹೇಳಿಕೊಟ್ಟ ವಿದ್ಯೆ, ಆ ಶಿಷ್ಯರ ಮೂಲಕ ಗುರುವಿನ ಮಗನಿಗೇ ಮರಳಿ ಬಂದಿತು.

ವಿನಾಯಕರಾವ ಪಟವರ್ಧನರು 1932ರಲ್ಲಿ ಪುಣೆಯಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಕಲಿಸುವವರಿಗಾಗಿ ರಾಗ ವಿಜ್ಞಾನ ಎಂಬ ಪುಸ್ತಕವನ್ನು ಏಳು ಭಾಗಗಳಲ್ಲಿ ಬರೆದರು. ಓಂಕಾರನಾಥ ಠಾಕೂರರು ಹತ್ತೊಂಬತ್ತು-ಇಪ್ಪತ್ತರ ವಯಸ್ಸಿನಲ್ಲೇ ಲಾಹೋರ ಶಾಲೆಯ ಪ್ರಾಚಾರ್ಯರಾಗಿ ನೇಮಕಗೊಂಡು, ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಗೀತ ವಿಭಾಗ ಕಟ್ಟಿದರು. ಸಾಬರಮತಿ ಆಶ್ರಮಕ್ಕೆ ಒಬ್ಬ ಸಂಗೀತ ಶಿಕ್ಷಕರು ಬೇಕೆಂದು ಗಾಂಧೀಜಿ ಕೇಳಿದಾಗ ಪಲುಸ್ಕರರು ಕಳುಹಿಸಿದ್ದು ನಾರಾಯಣ ಮೋರೇಶ್ವರ ಖರೆಯವರನ್ನು. ಆಶ್ರಮದ ಭಜನೆಗಳನ್ನು ಸಂಗ್ರಹಿಸಿದ ಖರೆಯವರು 1930ರ ದಾಂಡಿ ಯಾತ್ರೆಯಲ್ಲೂ ಗಾಂಧೀಜಿಯವರೊಡನೆ ನಡೆದರು. ಕೇಳಿದ ಕಡೆಗೆ ಕಳುಹಿಸಲು ತಯಾರಾದ ಶಿಕ್ಷಕರು ಇದ್ದರು ಎಂಬುದನ್ನು ಗಮನಿಸಬೇಕು.

ಇನ್ನೊಬ್ಬ ಶಿಷ್ಯರು ಬಿ. ಆರ್. ದೇವಧರರು. ಅವರು 1925ರಲ್ಲಿ ಮುಂಬಯಿಯಲ್ಲಿ ಸಂಗೀತ ಶಾಲೆ ತೆರೆದರು. ಅದರ ಬಾಗಿಲಿಗೆ 1930ರ ದಶಕದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಒಬ್ಬ ಹುಡುಗ ಬಂದ. ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ. ಕೇಳಿದ್ದನ್ನು ಕೇಳಿದಂತೆಯೇ ಹಾಡಿ ತೋರಿಸಿ ಆಗಲೇ ಜನರನ್ನು ಬೆರಗುಗೊಳಿಸಿದ್ದ ಬಾಲಕ. ಆದರೆ ಅನುಕರಣೆಯಿಂದ ಆಚೆಗೆ ಕರೆದೊಯ್ಯುವ ಗುರು ಬೇಕಿತ್ತು. ದೇವಧರರು ಅವನನ್ನು ಇಟ್ಟುಕೊಂಡು ಕಲಿಸಿದರು. ಅವರೇ ಪಂಡಿತ ಕುಮಾರ ಗಂಧರ್ವರು. ಕುರುಂದವಾಡದಿಂದ ಲಾಹೋರಿಗೆ ಹೋದ ದಾರಿ ಹೀಗೆ ಸುತ್ತಿ ನಮ್ಮ ಜಿಲ್ಲೆಯನ್ನೂ ಮುಟ್ಟಿದೆ.

ಗುರುಗಳು ತೀರಿಕೊಂಡ ವರ್ಷವೇ ಶಿಷ್ಯರೆಲ್ಲ ಕೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಲ ಸ್ಥಾಪಿಸಿದರು. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂದು ಮೆಟ್ಟಿಲುಗಳಿರುವ ಅದರ ಪರೀಕ್ಷೆಗಳಿಗೆ ನಮ್ಮ ಕಡೆಯ ಮಕ್ಕಳು ಇಂದಿಗೂ ಕುಳಿತುಕೊಳ್ಳುತ್ತಾರೆ. ಪಲುಸ್ಕರರ ಹೆಸರನ್ನು ನಾನು ಮೊದಲು ಕೇಳಿದ್ದೂ ಇದರಿಂದಲೇ. ನಮ್ಮೂರಲ್ಲಿ ಒಬ್ಬ ಭಜನಾ ಮಾಸ್ತರರು ಇದ್ದರು. ಅವರ ಪಡಸಾಲೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ಮಂಡಲದ ಮಧ್ಯಮಾ ಪರೀಕ್ಷೆಯ ಪ್ರಮಾಣಪತ್ರ ಕಟ್ಟು ಹಾಕಿಸಿ ತೂಗುಹಾಕಿತ್ತು. ಒಕ್ಕಲುತನ ಮಾಡಿಕೊಂಡು, ಸಂಜೆ ಪೇಟಿ ಹಿಡಿಯುತ್ತಿದ್ದವರು. ಪ್ರತಿಭಾ ಕಾರಂಜಿ ಬಂತೆಂದರೆ ಶಾಲೆಯ ಮಕ್ಕಳಿಗೆ ಅವರೇ ಹಾಡು ಕೂರಿಸಿಕೊಡಬೇಕು. ನಾವು ತಾಲ್ಲೂಕಿಗೆ, ಜಿಲ್ಲೆಗೆ ಹೋಗಿ ಬಹುಮಾನ ತಂದೆವು. ಗ್ಯಾದರಿಂಗಿನಲ್ಲಿ ಅವರಿಗೆ ಶಾಲು ಹೊದಿಸಿ ಕಾಯಿ ಕೊಡುತ್ತಿದ್ದರು. ಸಂಬಳದ ಮಾತು ಇರಲಿಲ್ಲ. ಮಕ್ಕಳ ಜೊತೆ ಹೋಗುವ ಬಸ್ಸಿನ ಚಾರ್ಜನ್ನೂ ಕೈಯಿಂದಲೇ ಹಾಕುತ್ತಿದ್ದರು. ಅವರ ನಂತರ ಊರಲ್ಲಿ ಆ ಕೆಲಸಕ್ಕೆ ಯಾರೂ ನಿಲ್ಲಲಿಲ್ಲ. ಅವರಿಗೆ ಬರುತ್ತಿದ್ದ ಎಷ್ಟೋ ಹಳೆಯ ತತ್ವಪದದ ಧಾಟಿಗಳು ಈಗ ಯಾರ ಬಾಯಲ್ಲೂ ಇಲ್ಲ.

ಇದು ಒಂದು ಊರಿನ ಕಥೆಯಲ್ಲ. ಸಂಗೀತ, ಚಿತ್ರಕಲೆ, ನಾಟಕ ಕಲಿಸುವವರನ್ನು ನಾವು ಹಬ್ಬದ ಹಿಂದಿನ ವಾರ ನೆನೆಸಿಕೊಳ್ಳುತ್ತೇವೆ, ಹಬ್ಬ ಮುಗಿದ ಮೇಲೆ ಮರೆಯುತ್ತೇವೆ. ಇಂದು ನಮ್ಮ ಶಾಲೆಯಲ್ಲಿ ಸಂಗೀತಕ್ಕೆ ಪ್ರತ್ಯೇಕ ಶಿಕ್ಷಕರಿಲ್ಲ. ವಿಜ್ಞಾನದ, ಹಿಂದಿಯ ಗುರುಗಳು ತಮ್ಮ ಪಾಠದ ಹೊರೆಯ ನಡುವೆ ಪ್ರಾರ್ಥನೆ, ನಾಡಗೀತೆ, ಸ್ವಾತಂತ್ರ್ಯೋತ್ಸವದ ಹಾಡುಗಳನ್ನು ಕಲಿಸುತ್ತಿದ್ದಾರೆ. ಅವರ ಉತ್ಸಾಹಕ್ಕೆ ನಮಸ್ಕಾರ. ಅವರಿಗೆ ಬೇಕಾದದ್ದು ಹೊಗಳಿಕೆಗಿಂತ ಹೆಚ್ಚಾಗಿ ನೆರವು.

ಸುವರ್ಣ ಮಹೋತ್ಸವದ ನಿಧಿಯಿಂದ ಶಾಲೆಯ ಅಂಗಳದಲ್ಲಿ ರಂಗಮಂದಿರ ಕಟ್ಟಬೇಕೆಂಬ ಮಾತು ನಡೆದಿದೆ. ಆಗಲಿ, ಬೇಡವೆನ್ನುವವನು ನಾನಲ್ಲ. ಮಳೆಗಾಲದಲ್ಲಿ ಮಕ್ಕಳು ನಿಲ್ಲುವುದಕ್ಕಾದರೂ ಒಂದು ಸೂರು ಬೇಕು. ಆದರೆ ಪಲುಸ್ಕರರ ಬಾಳನ್ನು ಓದಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಯಿತು. ಅವರ ಕಟ್ಟಡ ಹೋಯಿತು, ಶಿಕ್ಷಕರು ಉಳಿದರು, ಅವರಿಂದ ವಿದ್ಯೆ ಉಳಿಯಿತು. ಹತ್ತಾರು ಊರುಗಳಿಂದ ಬಂದ ಹಣವನ್ನೂ ಒಬ್ಬನೇ ಮನುಷ್ಯನ ದುಡಿಮೆಯನ್ನೂ ನಂಬಿ ಸಾಲ ಮಾಡಿದರೆ ಏನಾಗುತ್ತದೆ ಎಂಬ ಎಚ್ಚರಿಕೆಯೂ ಅದೇ ಬಾಳಿನಲ್ಲಿದೆ.

ಆದ್ದರಿಂದ ಮಹೋತ್ಸವ ಸಮಿತಿಯ ಮುಂದೆ, ಊರ ಹಿರಿಯರ ಮುಂದೆ ನನ್ನ ವಿನಂತಿ ಇಷ್ಟು. ನಿಧಿಯ ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡೋಣ. ಅದರ ಬಡ್ಡಿಯಿಂದ ವಾರಕ್ಕೆ ಎರಡು ದಿನವಾದರೂ ಸಂಗೀತ ಕಲಿಸಲು ಪರೀಕ್ಷೆ ಪಾಸಾದ ಒಬ್ಬರನ್ನು ಕರೆಸಿ, ತಿಂಗಳು ತಿಂಗಳು ತಪ್ಪದೆ ಗೌರವಧನ ಕೊಡೋಣ. ಅವರು ಬಂದು ಹೋಗುವ ಖರ್ಚು ಅದರಲ್ಲಿ ಸೇರಿರಲಿ. ಸ್ಟೋರ್ ರೂಮಿನಲ್ಲಿ ಧೂಳು ಹಿಡಿದಿರುವ ಪೇಟಿಯನ್ನೂ ತಬಲಾ ಜೋಡಿಯನ್ನೂ ಮಿರಜಕ್ಕೆ ಒಯ್ದು ರಿಪೇರಿ ಮಾಡಿಸೋಣ. ಸಂಗೀತ ಮತ್ತು ಚಿತ್ರಕಲೆಯ ಕನ್ನಡ ಪುಸ್ತಕಗಳಿಗೆ ಗ್ರಂಥಾಲಯದಲ್ಲಿ ಒಂದು ಕಪಾಟು ಇರಲಿ. ಪರೀಕ್ಷೆಗೆ ಕೂಡುವ ಬಡ ಮಕ್ಕಳ ಫೀ ಕಟ್ಟೋಣ. ಚಿತ್ರಕಲೆಯ ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗೆ ಹೋಗುವವರನ್ನೂ ಇದರಲ್ಲಿ ಸೇರಿಸೋಣ. ರಜೆಯಲ್ಲಿ ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಕಲಿತು ಬರಲು ನಮ್ಮ ಈಗಿನ ಗುರುಗಳಲ್ಲಿ ಯಾರಾದರೂ ಮನಸ್ಸು ಮಾಡಿದರೆ ಆ ವೆಚ್ಚವನ್ನು ಹಳೆಯ ವಿದ್ಯಾರ್ಥಿಗಳ ಸಂಘ ಹೊರಲಿ. ಊರಲ್ಲಿ ಇನ್ನೂ ಹಾಡಬಲ್ಲ ಅಜ್ಜ-ಅಜ್ಜಿಯರ ಪದಗಳನ್ನು ಧ್ವನಿಮುದ್ರಿಸಿ, ಬರೆಸಿ ಇಡುವ ಕೆಲಸವನ್ನು ನನ್ನಂಥ ಕಂಪ್ಯೂಟರ್ ಕೆಲಸದವರು ವಹಿಸಿಕೊಳ್ಳುತ್ತೇವೆ.

ಮೊದಲ ವರ್ಷದ ಗೌರವಧನವನ್ನು ನಮ್ಮ ಬ್ಯಾಚಿನವರು ಕೂಡಿ ಕೊಡುವುದಾಗಿ ಒಪ್ಪಿದ್ದೇವೆ. ಎರಡನೆಯ ವರ್ಷಕ್ಕೆ ಇನ್ನೊಂದು ಬ್ಯಾಚು ಮುಂದೆ ಬರಲಿ. ಐವತ್ತು ವರ್ಷಗಳಲ್ಲಿ ಐವತ್ತು ಬ್ಯಾಚುಗಳು ಈ ಶಾಲೆಯಿಂದ ಹೊರಬಿದ್ದಿವೆ. ಒಬ್ಬರ ಮೇಲೆ ಒಬ್ಬರು ಹೊರೆ ಹಾಕದೆ ಸರದಿ ಹಚ್ಚಿದರೆ ಯಾರಿಗೂ ಭಾರವಾಗುವುದಿಲ್ಲ.

1973ರಲ್ಲಿ ಭಾರತ ಸರ್ಕಾರ ಪಲುಸ್ಕರರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಅವರ ಭಾವಚಿತ್ರವೊಂದನ್ನು ನಮ್ಮ ಶಾಲೆಯ ಸಂಗೀತದ ಕೋಣೆಯಲ್ಲಿಯೂ ಹಾಕೋಣ. ಅದಕ್ಕೆ ಮೊದಲು ಶಾಲೆಯಲ್ಲಿ ಒಂದು ಸಂಗೀತದ ಕೋಣೆಯೂ ಅದರಲ್ಲಿ ಕುಳಿತು ಕಲಿಸುವ ಒಬ್ಬ ಶಿಕ್ಷಕರೂ ಇರಬೇಕು. ಬರುವ ಜೂನ್‌ನಲ್ಲಿ ಶಾಲೆ ಆರಂಭವಾಗುವುದರೊಳಗೆ ಇದನ್ನು ಮಾಡಲು ಸಾಧ್ಯವಿದೆ. ಸಮಿತಿಯವರು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.